ಸುಮ್ನೆ ಇದ್ದ ಮುಖವೂ ಸಿಟ್ಟಾಗಿ ಕಂಡಾಗ

[ತೆರೆಯ ಮೇಲೆ ಒಂದು ಮುಖ. ನಗುವಿಲ್ಲ, ಕೋಪವೂ ಇಲ್ಲ.]

ನಮಸ್ಕಾರ. ಈ ಮುಖವನ್ನು ಸ್ವಲ್ಪ ನೋಡಿ. ಬಸ್ಸಿಗೆ ಕಾಯುತ್ತಾ ನಿಂತವರ ಮುಖದ ಹಾಗಿದೆ, ಅಲ್ವಾ? ಈಗ ಮೂರು ಪ್ರಶ್ನೆ. ಇವರ ಮೂಗು ಎಷ್ಟು ಅಗಲ ಇದೆ? ಇವರಿಗೆ ನಿಮ್ಮ ಮೇಲೆ ಎಷ್ಟು ಹಗೆ ಇದ್ದ ಹಾಗೆ ಕಾಣುತ್ತದೆ? ಇವರನ್ನು ನೋಡಿದರೆ ನಿಮಗೆ ಎಷ್ಟು ಭಯ ಆಗುತ್ತದೆ?

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಇಂಥದ್ದೇ ಪ್ರಶ್ನೆಗಳಿದ್ದವು. ಉತ್ತರ ಕೊಟ್ಟವರು, ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿದ್ದ ಮಕ್ಕಳು. ಕೆಲವರಿಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಉಬ್ಬಿ ಮತ್ತೊಮ್ಮೆ ವಿಪರೀತ ಕುಗ್ಗುವ ಕಾಯಿಲೆ ಇತ್ತು, ಕೆಲವರಿಗೆ ಇರಲಿಲ್ಲ.

ಮೂಗಿನ ಪ್ರಶ್ನೆ ಬಂದಾಗ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. ಉತ್ತರದಲ್ಲೂ ಇಲ್ಲ, ಮೆದುಳಿನಲ್ಲೂ ಇಲ್ಲ. ಆದರೆ ಹಗೆ ಮತ್ತು ಭಯದ ಪ್ರಶ್ನೆಗೆ ಬಂದ ಕೂಡಲೇ ದಾರಿ ಬೇರೆಯಾಯಿತು. ಬೈಪೋಲಾರ್ ಇದ್ದ ಮಕ್ಕಳಿಗೆ ಅದೇ ಸುಮ್ಮನಿದ್ದ ಮುಖದಲ್ಲಿ ಜಾಸ್ತಿ ಹಗೆ ಕಂಡಿತು. ಜಾಸ್ತಿ ಹೆದರಿಕೆಯೂ ಆಯಿತು. ಆ ಹೊತ್ತಿಗೆ ಅವರ ಮೆದುಳಿನ ಎಡಭಾಗದ ಅಮಿಗ್ಡಲಾ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತಿತ್ತು.

ನನ್ನನ್ನು ತುಂಬಾ ಕಾಡಿದ್ದು ಆ ಮೂಗಿನ ಪ್ರಶ್ನೆ. ಕಣ್ಣು ಸರಿಯಾಗಿಯೇ ನೋಡುತ್ತಿದೆ. ಬುದ್ಧಿಯೂ ಸರಿಯಾಗಿದೆ. ‘ಇವರು ನನಗೆ ಏನು ಮಾಡಬಹುದು’ ಎಂದು ಅಳೆಯುವಾಗ ಮಾತ್ರ ತಕ್ಕಡಿ ವಾಲುತ್ತದೆ.

[ಮೆದುಳಿನ ಚಿತ್ರ. ಒಳಗೆ ಬಾದಾಮಿ ಆಕಾರದ ಎರಡು ಗುರುತು.]

ಅಮಿಗ್ಡಲಾ ಅಂದರೆ ಇದು. ಬಾದಾಮಿ ಕಾಳಿನ ಆಕಾರ. ಮನೆ ಕಾಯುವ ನಾಯಿ ಅಂದುಕೊಳ್ಳಿ. ಗೇಟಿನ ಸದ್ದಾದರೆ ಸಾಕು, ಬೊಗಳುತ್ತದೆ. ಹಣೆಯ ಹಿಂದೆ ಮೆದುಳಿನ ಮುಂಭಾಗ ಇದೆಯಲ್ಲ, ಅದು ಮನೆ ಯಜಮಾನ. ‘ಏಯ್, ಸುಮ್ನಿರು, ಹಾಲಿನವನು ಬಂದಿದ್ದಾನೆ’ ಅನ್ನುವುದು ಅದರ ಕೆಲಸ. ಬೈಪೋಲಾರ್ ಇರುವ ದೊಡ್ಡವರ ಮೇಲೆ ನಡೆದ ಎಷ್ಟೋ ಅಧ್ಯಯನಗಳಲ್ಲಿ ಈ ಯಜಮಾನನ ದನಿ ಕುಗ್ಗಿರುವುದು ಕಂಡಿದೆ. ಅದರಲ್ಲೂ ಉನ್ಮಾದದ ದಿನಗಳಲ್ಲಿ.

ಉನ್ಮಾದ ಅಂದರೆ ಮೇನಿಯಾ. ಎರಡು ಗಂಟೆ ಮಲಗಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನ ಹಾಗೆ ಹರಿಯುತ್ತದೆ. ಮತ್ತೆ ಯಾವಾಗಲೋ ಖಿನ್ನತೆ. ಹಾಸಿಗೆ ಬಿಟ್ಟು ಏಳಲೂ ಆಗದಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಉನ್ಮಾದ, ಖಿನ್ನತೆ ಎರಡರ ನಡುವೆ ಆರಾಮಾಗಿರುವ ದಿನಗಳಲ್ಲೂ ಬೇರೆಯವರ ಮುಖ ಓದುವುದು ಕೆಲವರಿಗೆ ಕಷ್ಟವಾಗುತ್ತದೆ.

ಇದನ್ನು ಮನೆಯೊಳಗೆ ತಂದು ನೋಡಿ. ರಾತ್ರಿ ಒಂಬತ್ತು ಗಂಟೆ. ಅಮ್ಮ ಅನ್ನದ ಪಾತ್ರೆ ಹಿಡಿದು ನಿಂತಿದ್ದಾರೆ. ‘ಬಡಿಸ್ಲೇನೋ?’ ಮಗ ತಟ್ಟೆ ತಳ್ಳಿ ಎದ್ದ. ‘ಯಾಕಮ್ಮಾ ಹಂಗೆ ಗುರಾಯಿಸ್ತೀಯಾ?’ ಅಮ್ಮ ಗುರಾಯಿಸಿರಲೇ ಇಲ್ಲ. ಬೆಳಗಿನಿಂದ ನಿಂತು ನಿಂತು ಕಾಲು ನೋವು, ಅಷ್ಟೇ. ಮಗ ಸುಳ್ಳು ಹೇಳುತ್ತಿಲ್ಲ, ನಾಟಕ ಆಡುತ್ತಿಲ್ಲ. ಅವನಿಗೆ ಕಂಡದ್ದು ಸಿಟ್ಟಿನ ಮುಖವೇ ಇರಬಹುದು. ‘ಕೊಬ್ಬು ಜಾಸ್ತಿಯಾಗಿದೆ’ ಅಂತ ಇಂಥವರನ್ನು ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

[ಸ್ಕ್ಯಾನ್ ಚಿತ್ರ. ಕೆಂಪು, ಹಳದಿ ಚುಕ್ಕೆಗಳು.]

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಸ್ಕ್ಯಾನ್ ಮಾಡ್ಸಿದ್ವಿ, ಎಲ್ಲಾ ನಾರ್ಮಲ್ ಅಂದ್ರು, ಮತ್ಯಾಕೆ ಹಿಂಗಾಡ್ತಾನೆ?’ ಅಂತ ಕೇಳುವವರಿದ್ದಾರೆ. ಈ ಬಣ್ಣ ಮೆದುಳಿನದ್ದಲ್ಲ, ಕಂಪ್ಯೂಟರ್ ಹಚ್ಚಿದ್ದು. ಎಫ್‌ಎಂಆರ್‌ಐ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ತುಂಬಾ ಜನರ ಸರಾಸರಿ ತೆಗೆದಾಗ ಕಾಣುವ ವ್ಯತ್ಯಾಸ ಇದು. ಒಬ್ಬರ ಸ್ಕ್ಯಾನ್ ನೋಡಿ ಬೈಪೋಲಾರ್ ಇದೆ, ಇಲ್ಲ ಅಂತ ಹೇಳಲು ಆಗುವುದಿಲ್ಲ. ಅದನ್ನು ಗುರುತಿಸುವುದು ಮನೋವೈದ್ಯರು, ಮಾತಾಡಿಸಿ, ಮನೆಯವರನ್ನೂ ಕೇಳಿ.

ಔಷಧಿ ಇದೆ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂ ಕೊಟ್ಟು ಗುಣ ಕಂಡದ್ದನ್ನು ಬರೆದರು. ಇವತ್ತಿಗೂ ಅದು ಮುಖ್ಯ ಔಷಧಿ. 2018ರಲ್ಲಿ ಬಂದ ಎನಿಗ್ಮಾ ಎಂಬ ದೊಡ್ಡ ಅಧ್ಯಯನ ಆರೂವರೆ ಸಾವಿರ ಜನರ ಮೆದುಳಿನ ಚಿತ್ರ ನೋಡಿತು. ಬೈಪೋಲಾರ್ ಇರುವವರಲ್ಲಿ ಮೆದುಳಿನ ಹೊರಪದರ ಕೆಲವು ಕಡೆ ಸ್ವಲ್ಪ ತೆಳ್ಳಗಿತ್ತು. ಲಿಥಿಯಂ ತೆಗೆದುಕೊಳ್ಳುತ್ತಿದ್ದವರಲ್ಲಿ ಅಷ್ಟು ತೆಳ್ಳಗಿರಲಿಲ್ಲ. ಆದರೆ ಲಿಥಿಯಂ ಪ್ರಮಾಣ ಸ್ವಲ್ಪ ಹೆಚ್ಚಾದರೂ ಅಪಾಯ. ಅದಕ್ಕೇ ರಕ್ತ ಪರೀಕ್ಷೆ ತಪ್ಪಿಸಬೇಡಿ. ಆರಾಮಾಯಿತು ಅಂತ ಮಾತ್ರೆ ನೀವೇ ನಿಲ್ಲಿಸಬೇಡಿ. ನಿದ್ದೆ ಕೆಡದ ಹಾಗೆ ನೋಡಿಕೊಳ್ಳಿ, ನಿದ್ದೆಗೆಟ್ಟರೆ ಉನ್ಮಾದ ಕೆರಳಬಹುದು.

ಯಾರಿಗೆ ಹೇಳಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಸಂಖ್ಯೆ 14416. ದುಡ್ಡು ಬೇಡ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

[ಮತ್ತೆ ಊಟದ ತಟ್ಟೆ. ಅಮ್ಮ, ಮಗ.]

ಆ ಅಮ್ಮನಿಗೂ ಒಂದು ಮಾತು. ನಿಮ್ಮ ಮುಖವನ್ನು ಅವನು ಊಹಿಸುವ ಹಾಗೆ ಬಿಡಬೇಡಿ, ಬಾಯಿಬಿಟ್ಟು ಹೇಳಿ. ‘ನಿನ್ನ ಮೇಲೆ ಸಿಟ್ಟಿಲ್ಲ ಕಣೋ. ಕಾಲು ನೋಯ್ತಿದೆ. ಕೂತ್ಕೋ, ಊಟ ಮಾಡು.’