ಮೂಲಂಗಿ ವಾಸ್ನೆ ಬರೋ ಮಾಕಾ ಪುಡಿ

ಕೇಳುಗರೆಲ್ರಿಗೂ ನಮಸ್ಕಾರ. ಜಯನಗರದ ನಮ್ಮನೆ ಅಡುಗೆಮನೇಲಿ, ರಾಗಿ ಹಿಟ್ಟಿನ ಡಬ್ಬಿ ಪಕ್ಕ, ಮಾಕಾ ಅನ್ನೋ ಗಡ್ಡೆಯ ಪುಡಿದೊಂದು ಡಬ್ಬಿ ಇದೆ, ಇವತ್ತು ಅದರ ವಿಷ್ಯಾನೇ ಮಾತಾಡೋಣ ಅಂತ ಬಂದಿದೀನಿ. ಈಗ ಬೆಂಗಳೂರಲ್ಲಿ ಜಿಮ್‌ಗೆ ಹೋಗೋ ಹುಡುಗ್ರು ತಗೊಳ್ತಾರೆ, ಲಾಲ್‌ಬಾಗಲ್ಲಿ ನನ್ನ ಜೊತೆ ವಾಕ್ ಮಾಡೋ ಹೆಂಗಸ್ರೂ ತಗೊಳ್ತಾರೆ.

ನನಗೆ ನಲವತ್ತೇಳು. ಹೋದ ವರ್ಷ ಮುಟ್ಟು ಏರುಪೇರಾಗೋಕೆ ಶುರುವಾಯ್ತು, ಸಿಕ್ಕಾಪಟ್ಟೆ ಸುಸ್ತು, ಆಫೀಸಿನ ಎರಡು ಮಹಡಿ ಹತ್ತೋಷ್ಟ್ರಲ್ಲಿ ಉಸಿರು ಸಾಕಾಗ್ತಿರ್ಲಿಲ್ಲ. ಗೆಳತಿ ಹೇಳಿದ್ಲು, ಮಾಕಾ ತಗೋ, ಹಾರ್ಮೋನ್ ಸರಿಹೋಗುತ್ತೆ ಅಂತ. ತರಿಸಿದೆ. ದಿನಾ ಬೆಳಿಗ್ಗೆ ತಣ್ಣಗಿನ ಹಾಲು, ಬಾಳೆಹಣ್ಣು, ಒಂದು ದೊಡ್ಡ ಚಮಚ ಪುಡಿ, ಮಿಕ್ಸಿಗೆ ಹಾಕಿ ಕುಡಿಯೋದು. ಒಂದು ವಾರಕ್ಕೇ ಹೊಟ್ಟೆ ಉಬ್ಬರ.

ಒಂದಿನ ಡಬ್ಬಿ ತೆಗೀತಿದ್ದಾಗ ನಮ್ಮತ್ತೆ ಬಂದ್ರು. ಧಾರವಾಡದವ್ರು. ಒಂದು ಚಿಟಿಕೆ ಅಂಗೈಗೆ ಹಾಕ್ಕೊಂಡು ಮೂಸಿ ನೋಡಿ, "ಇದೇನವಾ, ಒಣಗಿಸಿದ ಮೂಲಂಗಿ ವಾಸ್ನಿ ಬರ್ತದಲ್ಲ" ಅಂದ್ರು. ಅವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಮಾಕಾ ಇರೋದು ಮೂಲಂಗಿ, ಸಾಸಿವೆ, ಎಲೆಕೋಸಿನ ಕುಟುಂಬದಲ್ಲೇ. ಇನ್ನೂ ಹತ್ತಿರದ ನೆಂಟಸ್ತಿಕೆ ಅಂದ್ರೆ ಬಾಣಂತಿಗೆ ಪಾಯಸ, ಉಂಡೆ ಮಾಡಿಕೊಡ್ತೀವಲ್ಲ ಆಳ್ವಿ ಬೀಜ, ಅದೂ ಇದೂ ಲೆಪಿಡಿಯಮ್ ಅನ್ನೋ ಒಂದೇ ಸಸ್ಯ ಗುಂಪಿಗೆ ಸೇರಿದ್ದು. ನನ್ನ ಬಾಣಂತನದಲ್ಲಿ ಅತ್ತೆ ಆಳ್ವಿ ಪಾಯಸ ಮಾಡ್ಕೊಟ್ಟಿದ್ದು ಆಗ ನೆನಪಾಯ್ತು.

ಬೆಳೆಯೋದು ಮಾತ್ರ ದೂರದಲ್ಲಿ, ಪೆರು ದೇಶದ ಹುನಿನ್ ಪ್ರಸ್ಥಭೂಮಿ ಕಡೆ, 4,000 ಮೀಟರ್‌ಗಿಂತ ಮೇಲೆ. ನಮ್ಮ ಮುಳ್ಳಯ್ಯನಗಿರಿ ಎರಡರಷ್ಟು ಎತ್ತರ ಅಂದ್ಕೊಳ್ಳಿ, ಅಲ್ಲಿ ಗಾಳಿ, ಹಿಮ, ಬಿಸಿಲಿಗೆ ಬೇರೆ ಬೆಳೆ ನಿಲ್ಲೋದೇ ಕಷ್ಟ. ಗಡ್ಡೆ ಕಿತ್ತು ಬಯಲಲ್ಲಿ ಹರಡ್ತಾರೆ, ಹಗಲು ಬಿಸಿಲು ರಾತ್ರಿ ಹಿಮ ತಿಂದು ತಿಂದು ವಾರಗಟ್ಟಲೆ ಒಣಗಿ ಕಲ್ಲಿನ ಥರ ಆಗುತ್ತೆ, ವರ್ಷಗಟ್ಟಲೆ ಕೆಡಲ್ಲ. ಹಳದಿ, ಕೆಂಪು, ಕಪ್ಪು ಅಂತ ಬಣ್ಣಗಳಿವೆ. ಅಲ್ಲಿನ ಜನ ಆ ಒಣ ಗಡ್ಡೇನ ನೆನೆಸಿ, ನೀರಲ್ಲೋ ಹಾಲಲ್ಲೋ ಚೆನ್ನಾಗಿ ಬೇಯಿಸಿ, ಗಂಜಿ ಥರ ಮಾಡ್ಕೊಂಡು ತಿಂತಾರೆ. ಬೇಯಿಸಿ ಅನ್ನೋದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ನಮ್ಮೂರಿಗೆ ಬರೋವಾಗ ಪುಡಿ ಬಂತು, ಅಡುಗೆ ಕ್ರಮ ಬರ್ಲಿಲ್ಲ. ಅಂಗಡೀಲಿ 'ಜೆಲಾಟಿನೈಸ್ಡ್' ಅಂತ ಬರೆದಿರೋ ಪುಡಿ ಸಿಗುತ್ತೆ, ಅಂದ್ರೆ ಮೊದ್ಲೇ ಬಿಸಿಯಲ್ಲಿ ಬೇಯಿಸಿ ಪಿಷ್ಟ ಸುಲಭವಾಗಿ ಜೀರ್ಣ ಆಗೋ ಹಾಗೆ ಮಾಡಿರೋದು, ಹೊಟ್ಟೆಗೆ ಹಗುರ.

ಇನ್ನು ಹಾರ್ಮೋನ್ ಮಾತು. 2002ರಲ್ಲಿ ಪೆರುವಿನಲ್ಲೇ ಒಂದು ಪ್ರಯೋಗ ನಡೀತು, ಗಂಡಸರಿಗೆ ದಿನಕ್ಕೆ ಒಂದೂವರೆ ಇಲ್ಲ ಮೂರು ಗ್ರಾಂ, 12 ವಾರ. ಲೈಂಗಿಕ ಆಸಕ್ತಿ ಹೆಚ್ಚಾಯ್ತು ಅಂತ ಹೇಳಿದ್ರು, ಆದ್ರೆ ರಕ್ತದಲ್ಲಿ ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಬದಲಾಗಿರ್ಲಿಲ್ಲ. ಇಂಥ ಪ್ರಯೋಗಗಳು ಕಡಿಮೆ, ಭಾಗವಹಿಸಿದೋರೂ ಕಡಿಮೆ, ಇಷ್ಟನ್ನೇ ಇಟ್ಕೊಂಡು ಡಬ್ಬಿ ಮೇಲೆ 'ಹಾರ್ಮೋನ್ ಬ್ಯಾಲೆನ್ಸ್' ಅಂತ ದಪ್ಪಕ್ಷರದಲ್ಲಿ ಹಾಕೋದು ತಪ್ಪು ಅಂತ ನನಗನ್ಸುತ್ತೆ. ಅದೇ ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ 'ಔಷಧಿಯಾಗಿ ಬಳಸಲು ಅಲ್ಲ' ಅಂತಾನೂ ಇರುತ್ತೆ, ದಯವಿಟ್ಟು ತಿರುಗಿಸಿ ಓದಿ.

ನನ್ನ ದೊಡ್ಡ ತಪ್ಪು ಬೇರೇನೇ ಇದೆ. ನನಗೆ ಹತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ನಡೀತಿದೆ. ಥೈರಾಯ್ಡ್ ಇರೋರು ಹಸಿ ಕೋಸು ಜಾಸ್ತಿ ತಿನ್ಬೇಡಿ ಅಂತಾರಲ್ಲ, ಕೋಸಲ್ಲಿರೋ ಗ್ಲುಕೋಸಿನೊಲೇಟ್ ಅನ್ನೋ ರಾಸಾಯನಿಕ ಮಾಕಾದಲ್ಲೂ ಇದೆ, ಅಯೋಡಿನ್ ಸಾಲದ ದೇಹದಲ್ಲಿ ಅದು ಥೈರಾಯ್ಡ್‌ಗೆ ಇನ್ನಷ್ಟು ತೊಂದ್ರೆ ಕೊಡಬಹುದು. ಮೂರು ತಿಂಗಳು ಹಾಗೇ ಹಸೀದೇ ಕುಡಿದೆ. ಡಾಕ್ಟ್ರು "ಬೇರೆ ಏನಾದ್ರೂ ತಗೊಳ್ತಿದೀರಾ ಅಮ್ಮಾ" ಅಂತ ಕೇಳಿದಾಗ ಇಲ್ಲ ಅಂದ್ಬಿಟ್ಟೆ, ಗಡ್ಡೆ ಪುಡಿ ತಾನೇ, ಔಷಧಿ ಏನಲ್ವಲ್ಲ ಅಂತ. ಕೊನೆಗೆ ಮಗಳು ಹಠ ಹಿಡಿದು ರಕ್ತ ಪರೀಕ್ಷೆ ಮಾಡ್ಸಿದ್ಲು. ಹಿಮೋಗ್ಲೋಬಿನ್ ಒಂಬತ್ತು, ಅಂದ್ರೆ ರಕ್ತಹೀನತೆ. ನನ್ನ ಸುಸ್ತಿಗೆ ಕಾರಣ ಅದು, ಮೂರು ತಿಂಗಳು ಪುಡಿ ನಂಬ್ಕೊಂಡು ಅದನ್ನ ನೋಡ್ಸಲೇ ಇಲ್ಲ ನಾನು. ಐರನ್ ಮಾತ್ರೆ ಶುರು ಮಾಡಿ ಎರಡು ತಿಂಗಳಾದ್ಮೇಲೆ ಮೆಟ್ಟಿಲು ಹತ್ತೋಕೆ ಸಲೀಸಾಯ್ತು.

ಬಸುರಿಯರು, ಹಾಲುಣಿಸೋ ತಾಯಂದ್ರು ಇದನ್ನ ತಗೊಳ್ಳದೇ ಇರೋದು ಒಳ್ಳೇದು, ಅವರಿಗೆ ಸೇಫ್ ಅಂತ ಹೇಳೋವಷ್ಟು ಅಧ್ಯಯನ ಆಗಿಲ್ಲ.

ಡಬ್ಬೀಲಿ ಇನ್ನೂ ಅರ್ಧ ಪುಡಿ ಇದೆ, ಸದ್ಯಕ್ಕೆ ಮುಟ್ತಿಲ್ಲ. ಮುಂದಿನ ತಿಂಗಳು ಥೈರಾಯ್ಡ್ ಚೆಕಪ್ ಇದೆ, ಅವತ್ತು ಡಬ್ಬೀನ ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತೀನಿ, ಲೇಬಲ್ ಡಾಕ್ಟ್ರೇ ಓದ್ಲಿ. ಅವರು ಆಗ್ಬಹುದು ಅಂದ್ರೆ ಹಾಲಲ್ಲಿ ಬೆಲ್ಲ ಹಾಕಿ ಗಂಜಿ ಥರ ಕುದಿಸಿಕೊಡೋದು ತನ್ನ ಕೆಲ್ಸ ಅಂತ ಅತ್ತೆ ಹೇಳಿದಾರೆ. ನಮಸ್ಕಾರ.