ಲೇಜಿಟೌನ್‌ನಲ್ಲಿ ಸೌತೆಕಾಯಿ ಮಾಯ

ಹಾಂ, ಕ್ಯಾಮೆರಾ ಓಡ್ತಿದೆ. ಹಣ್ಣು-ತರಕಾರಿ ಹೆಚ್ಚೋದು ನಿಮಗೇ ಕಾಣ್ತಿದೆ, ಅದನ್ನ ಬಾಯಲ್ಲಿ ಬೇರೆ ಹೇಳಲ್ಲ. ಸೇಬಿನ ಹೋಳು ಮಾತ್ರ ಉಪ್ಪು ನೀರಿಗೆ ಬಿಟ್ಟಿದೀನಿ. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಹತ್ತು ನಿಮಿಷ, ಆಮೇಲೆ ಒಂದ್ಸಲ ತೊಳೆದುಬಿಡಿ. ಇಲ್ಲಾಂದ್ರೆ ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗುತ್ತೆ, ಮಕ್ಕಳು ಮುಟ್ಟಲ್ಲ.

ಲೇಜಿಟೌನ್ ಅನ್ನೋ ಮಕ್ಕಳ ಟಿವಿ ಸರಣಿ ನೋಡಿದವರಿಗೆ ಈ ತಟ್ಟೆಯಲ್ಲಿರೋದು ಹಣ್ಣು-ತರಕಾರಿ ಅಲ್ಲ, ‘ಸ್ಪೋರ್ಟ್ಸ್ ಕ್ಯಾಂಡಿ’. ಇಡೀ ಸರಣಿಯಲ್ಲಿ ಅತಿ ಜಾಣ ಕೆಲಸ ಅಂದ್ರೆ ಈ ಹೆಸರು. ‘ಆರೋಗ್ಯಕ್ಕೆ ಒಳ್ಳೇದು, ತಿನ್ನು’ ಅಂದ್ರೆ ಯಾವ ಮಗು ಬಾಯಿ ತೆಗೆಯುತ್ತೆ ಹೇಳಿ?

ಇದನ್ನ ಕಟ್ಟಿದವರು ಐಸ್‌ಲ್ಯಾಂಡಿನ ಮಾಗ್ನುಸ್ ಸ್ಕೆವಿಂಗ್. ಏರೋಬಿಕ್ಸ್‌ನಲ್ಲಿ ಯುರೋಪ್ ಚಾಂಪಿಯನ್ ಆಗಿದ್ದವರು. ಮೊದಲು ಪುಸ್ತಕ, 1996ರಲ್ಲಿ ಮತ್ತೆ 1999ರಲ್ಲಿ ನಾಟಕ, 2004ರಲ್ಲಿ ನಿಕೆಲೋಡಿಯನ್ ಅನ್ನೋ ಮಕ್ಕಳ ಟಿವಿ ಚಾನೆಲ್‌ಗೆ ಬಂತು. ನೀಲಿ ಅಂಗಿಯ ಹೀರೋ ಸ್ಪೋರ್ಟಾಕಸ್ ಪಾತ್ರ ಮಾಡಿದ್ದೂ ಅವರೇ. ನಿಜ ಹೇಳ್ಬೇಕಂದ್ರೆ ಸ್ಪೋರ್ಟಾಕಸ್ ಬೋರು. ನಾಲ್ಕು ಹೆಜ್ಜೆ ನಡೆಯೋಕೂ ಪಲ್ಟಿ, ರಾತ್ರಿ 8:08ಕ್ಕೆ ನಿದ್ದೆ...

ಅಯ್ಯೋ, ತಡೀರಿ. ಮಾನಿಟರ್ ನೋಡಿ. ಸೌತೆಕಾಯಿ ಎಲ್ಲಿ?

ತಟ್ಟೆಯಲ್ಲೇ ಇದೆ, ಕೈಗೆ ಸಿಗ್ತಿದೆ. ಪರದೆ ಮೇಲೆ ಮಾತ್ರ ಸೌತೆಕಾಯಿ ಇರೋ ಜಾಗದಲ್ಲಿ ತೂತು ಬಿದ್ದು ಹಿನ್ನೆಲೆಗೆ ಹಾಕಿರೋ ಊರಿನ ಚಿತ್ರ ಕಾಣ್ತಿದೆ. ಹಿನ್ನೆಲೆಗೆ ಹಸಿರು ಬಟ್ಟೆ ಕಟ್ಟಿದೀನಲ್ಲ, ಅದರ ಫಲ. ಬಟ್ಟೆಯ ಬಣ್ಣ ಅಳಿಸಿ ಅಲ್ಲಿ ಬೇರೆ ಚಿತ್ರ ಕೂರಿಸೋ ತಂತ್ರಕ್ಕೆ ಕ್ರೋಮಾ ಕೀ ಅಂತಾರೆ. ಅದಕ್ಕೆ ಬಟ್ಟೆ ಯಾವುದು, ಸಿಪ್ಪೆ ಯಾವುದು ಅಂತ ಗೊತ್ತಾಗಲ್ಲ. ಹಸಿರು ಕಂಡ ಕಡೆ ಅಳಿಸುತ್ತೆ, ಅಷ್ಟೇ. ಬಿಳಿ ತಟ್ಟೆಯ ಅಂಚೂ ಹೋಗಿದೆ ನೋಡಿ, ಇದಕ್ಕೆ ಕಾರಣ ಬೇರೆ. ತಟ್ಟೆ ಬಟ್ಟೆಗೆ ತೀರಾ ಹತ್ತಿರ ಇದೆ, ಹಸಿರು ಬೆಳಕು ಬಡಿದು ಅಂಚಿಗೆ ಅಂಟಿದೆ. ವಸ್ತುವಿಗೂ ಬಟ್ಟೆಗೂ ಕಡಿಮೆ ಅಂದ್ರೂ ಆರಡಿ ಬಿಡಿ. ಬಟ್ಟೆಗೇ ಅಂತ ಎಡಕ್ಕೊಂದು ಬಲಕ್ಕೊಂದು ಲೈಟ್ ಇಡಿ, ತಟ್ಟೆಗೆ ಬೇರೆ ಲೈಟ್. ಬಟ್ಟೆ ಇಸ್ತ್ರಿ ಮಾಡಿ, ಸುಕ್ಕಿನ ನೆರಳು ಬಿದ್ದ ಕಡೆ ಹಸಿರು ಕಪ್ಪಾಗುತ್ತೆ. ಅದನ್ನ ಅಳಿಸೋಕೆ ಅಂತ ಟಾಲರೆನ್ಸ್, ಅಂದ್ರೆ ಎಷ್ಟು ಬಗೆಯ ಹಸಿರು ಅಳಿಸಬೇಕು ಅನ್ನೋ ಮಿತಿ, ಏರಿಸ್ತೀರಿ, ಆಗ ಸೌತೆಕಾಯಿ ಇನ್ನೂ ಬೇಗ ಹೋಗುತ್ತೆ. ಇಲ್ಲಿ ಆಗಿರೋದೂ ಅದೇ.

ನೀಲಿ ಬಟ್ಟೆ ಕಟ್ಟಬಹುದಲ್ಲ ಅಂತೀರಿ. ಕಟ್ಟಬಹುದು, ಸೌತೆಕಾಯಿ ಉಳಿಯುತ್ತೆ. ಆದ್ರೆ ತಟ್ಟೆ ಪಕ್ಕ ನಿಲ್ಲಿಸಬೇಕು ಅಂತಿರೋ ಸ್ಪೋರ್ಟಾಕಸ್ ಗೊಂಬೆಗೆ ಅಂಗಿ ಇರಲ್ಲ!

ಈಗಿರೋ ದಾರಿ ಎರಡೇ. ತಟ್ಟೆ ಅಲ್ಲಾಡಲ್ಲ, ಹಾಗಾಗಿ ಎಡಿಟ್‌ನಲ್ಲಿ ಅದರ ಸುತ್ತ ಮಾಸ್ಕ್, ಅಂದ್ರೆ ಒಂದು ಗೆರೆ, ಎಳೆದು ಅಷ್ಟು ಭಾಗಕ್ಕೆ ಕ್ರೋಮಾ ಕೀ ಆಫ್ ಮಾಡೋದು. ಅಥವಾ ಸಿಪ್ಪೆ ಹೆರೆಯೋದು. ಸಿಪ್ಪೆ ಹೆರೆದ ಸೌತೆಕಾಯಿ ನನಗಂತೂ ಸೌತೆಕಾಯಿನೇ ಅಲ್ಲ. ಮಾಸ್ಕೇ ಎಳೆಯೋಣ.

ಅಂದಹಾಗೆ ಲೇಜಿಟೌನಿನ ಕಂಪ್ಯೂಟರ್ ಹಿನ್ನೆಲೆಗಳು ಓಡ್ತಿದ್ದದ್ದು ಅನ್‌ರಿಯಲ್ ಎಂಜಿನ್ ಮೇಲೆ, ಅಂದ್ರೆ ವಿಡಿಯೋ ಗೇಮ್ ಮಾಡೋ ಸಾಫ್ಟ್‌ವೇರ್. ಪಿಕ್ಸೆಲ್ ಅನ್ನೋ ಹುಡುಗನನ್ನ ಕಂಪ್ಯೂಟರ್ ಮುಂದಿಂದ ಎಬ್ಬಿಸಿ ಆಟಕ್ಕೆ ಕಳಿಸೋ ಕಾರ್ಯಕ್ರಮ ಇದು!

ಎಲ್ಲಿದ್ದೆ? ಬೋರು ಅಂದೆ. ಅರ್ಧ ವಾಪಸ್ ತಗೋತೀನಿ. ಸಕ್ಕರೆ ಬಾಯಿಗೆ ಬಿದ್ರೆ ಆ ಸ್ಪೋರ್ಟಾಕಸ್ ಅಲ್ಲೇ ಕುಸಿದುಬೀಳ್ತಾನೆ, ಸೇಬು ತಂದು ಬದುಕಿಸೋದು ಮಕ್ಕಳು. ಉಪದೇಶ ಮಾಡೋ ಹೀರೋನೇ ಮಕ್ಕಳ ಕೈಗೆ ಸಿಕ್ಕಿಬಿಡ್ತಾನೆ, ಇದು ಒಳ್ಳೆ ಕಥೆ ಕಟ್ಟೋ ಕೈ.

ಆದ್ರೂ ಜನ ಇವತ್ತಿಗೂ ಹುಡುಕಿ ನೋಡೋದು ಸ್ಪೋರ್ಟಾಕಸ್‌ನ ಅಲ್ಲ, ನೆಲದಡಿ ಮನೆ ಮಾಡ್ಕೊಂಡಿರೋ ರಾಬಿ ರಾಟನ್‌ನ. ಸೋಂಬೇರಿ, ಕೇಕ್ ಅಂದ್ರೆ ಪ್ರಾಣ. ಅವನಿಗೆ ಬೇಕಿರೋದು ಗಲಾಟೆ ಇಲ್ಲದ ಒಂದು ನಿದ್ದೆ. ಅದಕ್ಕೆ ದಿನಾ ವೇಷ ಹಾಕಿ, ಬಲೆ ಹೆಣೆದು, ಊರಲ್ಲಿ ಎಲ್ಲರಿಗಿಂತ ಜಾಸ್ತಿ ಓಡಾಡೋದು ಅವನೇ! ಆ ಪಾತ್ರ ಮಾಡಿದ ಸ್ಟೆಫಾನ್ ಕಾರ್ಲ್ ಸ್ಟೆಫಾನ್ಸನ್‌ಗೆ 2016ರಲ್ಲಿ ಕ್ಯಾನ್ಸರ್ ಅಂತ ಗೊತ್ತಾಯ್ತು. ಅದೇ ವರ್ಷ ಅವರ ‘ವಿ ಆರ್ ನಂಬರ್ ಒನ್’ ಹಾಡು ಮೀಮ್ ಆಗಿ ಎಲ್ಲೆಲ್ಲೂ ಹರಡಿ, ಅವರಿಗೆ ಅಂತ ಜನ ದುಡ್ಡು ಕೂಡಿಸಿದ್ರು. 2018ರ ಆಗಸ್ಟ್‌ನಲ್ಲಿ ತೀರಿಕೊಂಡ್ರು. ಸೋಂಬೇರಿನ ಬೈಯದೆ ನಗಿಸಿದ್ದಕ್ಕೇ ಈ ಸರಣಿ ಉಳೀತು ಅನ್ಸುತ್ತೆ...

ಬ್ಯಾಟರಿ ಕೆಂಪಾಯ್ತು, ಸೇಬು ನೀರಲ್ಲೇ ಇದೆ! ಹತ್ತು ನಿಮಿಷ ಅಂದಿದ್ದೆ ಅಲ್ವಾ, ಉಪ್ಪುಪ್ಪಾಗಿರುತ್ತೆ. ಎರಡು ಸಲ ತೊಳೀತೀನಿ, ಕಟ್.