ಕರೆಂಟ್ ಹೋಗುವ ಸುದ್ದಿ ಬರುತ್ತದೆ, ರಸ್ತೆ ಅಗೆಯುವ ಸುದ್ದಿ ಏಕೆ ಬರುವುದಿಲ್ಲ?

ನಮಸ್ಕಾರ. ಇಂದಿನ ಮಾತನ್ನು ಒಂದು ಪ್ರಕಟಣೆಯಿಂದ ಆರಂಭಿಸುತ್ತೇನೆ. ಬೆಂಗಳೂರಿನಲ್ಲಿ ಪತ್ರಿಕೆ ಓದುವವರಿಗೆ ಇದರ ಧಾಟಿ ಬಾಯಿಪಾಠವಾಗಿರುತ್ತದೆ: ಇಂಥ 66/11 ಕೆ.ವಿ. ಉಪಕೇಂದ್ರದಲ್ಲಿ ನಿರ್ವಹಣಾ ಕಾಮಗಾರಿ ಹಮ್ಮಿಕೊಂಡಿರುವುದರಿಂದ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಇಂಥಿಂಥ ಬಡಾವಣೆ, ಇಂಥಿಂಥ ಅಡ್ಡರಸ್ತೆ, ಇಂಥ ದೇವಸ್ಥಾನದ ಹಿಂಭಾಗ ಹಾಗೂ ಸುತ್ತಮುತ್ತಲಿನ ಪ್ರದೇಶಗಳಲ್ಲಿ ವಿದ್ಯುತ್ ವ್ಯತ್ಯಯ ಉಂಟಾಗಲಿದೆ. ಭಾಷೆ ಒಣಕಲು, ನಿಜ. ಆದರೆ ಅದನ್ನು ಓದಿದ ಮನೆಯಲ್ಲಿ ಹಿಂದಿನ ರಾತ್ರಿಯೇ ದೋಸೆಹಿಟ್ಟು ರುಬ್ಬಿಡುತ್ತಾರೆ, ಮೇಲಿನ ಟ್ಯಾಂಕಿಗೆ ನೀರು ಏರಿಸಿಡುತ್ತಾರೆ, ಮೊಬೈಲ್‌ಗಳನ್ನು ಚಾರ್ಜಿಗೆ ಹಾಕಿಡುತ್ತಾರೆ. ಏನು, ಎಲ್ಲಿ, ಎಷ್ಟು ಹೊತ್ತು, ಯಾತಕ್ಕಾಗಿ ಎಂಬ ನಾಲ್ಕು ಪ್ರಶ್ನೆಗಳಿಗೂ ಆ ಮೂರು ಸಾಲಿನಲ್ಲಿ ಉತ್ತರವಿರುತ್ತದೆ.

ಈ ಪ್ರಕಟಣೆ ಹೊರಡಿಸುವ ಬೆಸ್ಕಾಂ, ಅಂದರೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಸ್ಥಳೀಯ ಸಂಸ್ಥೆಯಲ್ಲ, ಸರ್ಕಾರಿ ಕಂಪನಿ. ಅದರ ಮೇಲೆ ನಮಗಿರುವ ದೂರುಗಳಿಗೂ ಕೊರತೆಯಿಲ್ಲ. ಹಾಗಿದ್ದರೂ ಒಂದು ಕಂಪನಿಗೆ ಸಾಧ್ಯವಾಗಿರುವ ಈ ಮೂರು ಸಾಲು, ನಮ್ಮ ರಸ್ತೆ, ಚರಂಡಿ, ಪಾದಚಾರಿ ಮಾರ್ಗಗಳ ಹೊಣೆ ಹೊತ್ತಿರುವ ನಗರಾಡಳಿತಕ್ಕೆ ಏಕೆ ಸಾಧ್ಯವಾಗಿಲ್ಲ ಎಂಬುದೇ ನನ್ನ ಪ್ರಶ್ನೆ.

ನಮ್ಮ ಬೀದಿಯದೇ ಸಂಗತಿ ಹೇಳುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಜೆಸಿಬಿ ಬಂದು ಚರಂಡಿಯ ಮೇಲಿನ ಕಲ್ಲುಚಪ್ಪಡಿಗಳನ್ನು ಎತ್ತಿ ಪಕ್ಕಕ್ಕೆ ಒರಗಿಸಿತು. ಒಳಗಿನ ಹೂಳನ್ನು ತೆಗೆದು ರಸ್ತೆಯಂಚಿಗೆ ಗುಡ್ಡೆ ಹಾಕಿದರು. ಸಂಜೆ ಎಲ್ಲರೂ ಹೊರಟುಹೋದರು. ಮೂರು ವಾರ ಯಾರೂ ಬರಲಿಲ್ಲ. ಗುಡ್ಡೆ ಒಣಗಿ ದೂಳಾಯಿತು, ಒಂದು ಮಳೆಗೆ ಅರ್ಧ ಹೂಳು ಮತ್ತೆ ಚರಂಡಿಗೇ ಇಳಿಯಿತು. ಎದುರು ಮನೆಯ ಅಜ್ಜಿ ಹಾಲು ತರಲು ಹೋಗುವಾಗ ಗೇಟಿನಿಂದ ರಸ್ತೆಗೆ ದಾಟಲು ಒಂದು ಹಳೆಯ ಬಾಗಿಲಿನ ಹಲಗೆಯನ್ನು ಅಡ್ಡ ಇಟ್ಟುಕೊಂಡಿದ್ದರು. ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಕೆಲಸ ಪಾಲಿಕೆಯದೋ, ಒಳಚರಂಡಿಯವರದೋ, ಕೇಬಲ್‌ನವರದೋ ಎಂಬ ಚರ್ಚೆ ಪ್ರತಿ ರಾತ್ರಿ ನಡೆಯಿತು. ಮೊದಲ ಕಚೇರಿಯವರು ಎರಡನೆಯ ಕಚೇರಿಯತ್ತ ಕೈ ತೋರಿಸಿದರು. ಎರಡನೆಯವರು ಗುತ್ತಿಗೆದಾರನಿಗೆ ಬಿಲ್ ಆಗಿಲ್ಲವೆಂದರು. ಬಿಲ್ ಎಷ್ಟರದೆಂದು ಕೇಳಿದರೆ ಅದು ತಮಗೆ ಸಂಬಂಧಿಸಿದ್ದಲ್ಲವೆಂದರು. ಕೆಲಸ ನಿಂತದ್ದಕ್ಕಿಂತ ಹೆಚ್ಚಾಗಿ, ಯಾರ ಕೆಲಸ ನಿಂತಿದೆ ಎಂದೇ ತಿಳಿಯದಿದ್ದುದು ಜನರನ್ನು ಕೆರಳಿಸಿತು.

ಹಿಂದೆ ಇಂಥ ಹೊತ್ತಿನಲ್ಲಿ ಕಾರ್ಪೊರೇಟರ್ ಮನೆಯ ಮುಂದೆ ಹೋಗಿ ನಿಲ್ಲುವ ದಾರಿಯೊಂದಿತ್ತು. ಆ ದಾರಿಯನ್ನು ನಾನು ಹೊಗಳುತ್ತಿಲ್ಲ. ಅಲ್ಲಿ ಪರಿಚಯವಿದ್ದವರಿಗೆ ಒಂದು ಉತ್ತರ, ಇಲ್ಲದವರಿಗೆ ಇನ್ನೊಂದು. ಆದರೆ ಹೆಸರು, ಮುಖ, ಮನೆಯ ವಿಳಾಸ ಇರುವ ಒಬ್ಬರಾದರೂ ಇರುತ್ತಿದ್ದರು. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆ ಬಳಿಕ ಪಾಲಿಕೆ ಆಡಳಿತಾಧಿಕಾರಿಯ ಕೈಯಲ್ಲಿದ್ದ ಐದು ವರ್ಷಗಳಲ್ಲಿ ವಾರ್ಡುಗಳ ಸಂಖ್ಯೆಯನ್ನು 198ರಿಂದ 243ಕ್ಕೆ ಏರಿಸಿದರು, ಮತ್ತೆ 225ಕ್ಕೆ ಇಳಿಸಿದರು, ಚುನಾವಣೆಯನ್ನು ಮಾತ್ರ ನಡೆಸಲಿಲ್ಲ. 2025ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿಯವರ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು, ಅದರಡಿ ಐದು ನಗರ ಪಾಲಿಕೆಗಳಾದವು. ಆನಂತರ ವಾರ್ಡುಗಳು 369 ಆದವು. ನಮ್ಮ ತಿರುವಿನ ನಾಮಫಲಕದಲ್ಲಿ ಇಂದಿಗೂ ಹಳೆಯ ವಾರ್ಡ್ ಸಂಖ್ಯೆಯೇ ಇದೆ. ತನ್ನ ವಾರ್ಡ್ ಯಾವುದೆಂದು ಖಚಿತವಾಗಿ ಹೇಳಲಾರದ ನಿವಾಸಿ ತನ್ನ ವಾರ್ಡಿನ ಹಣದ ಲೆಕ್ಕವನ್ನು ಎಲ್ಲಿ ಹುಡುಕಬೇಕು?

ಎಲ್ಲವೂ ಜಾಲತಾಣದಲ್ಲಿದೆ ಎಂದು ಅಧಿಕಾರಿಗಳು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆಯವ್ಯಯದ ಪುಸ್ತಕವಿದೆ, ಟೆಂಡರ್‌ಗಳ ಪೋರ್ಟಲ್ ಇದೆ. ಆದರೆ ಟೆಂಡರಿನ ಶೀರ್ಷಿಕೆಯಲ್ಲಿ ‘ವಾರ್ಡ್ ವ್ಯಾಪ್ತಿಯ ಆಯ್ದ ರಸ್ತೆ ಹಾಗೂ ಚರಂಡಿಗಳ ಅಭಿವೃದ್ಧಿ ಕಾಮಗಾರಿ’ ಎಂದಷ್ಟೇ ಇದ್ದರೆ, ಆ ಆಯ್ದ ರಸ್ತೆಗಳಲ್ಲಿ ನನ್ನ ರಸ್ತೆ ಸೇರಿದೆಯೇ ಎಂದು ತಿಳಿಯಲು ಅಂದಾಜುಪಟ್ಟಿಯನ್ನು ಬಿಚ್ಚಿ ಓದುವ ವಿದ್ಯೆ ಬೇಕಾಗುತ್ತದೆ. ಅದು ಗುತ್ತಿಗೆದಾರರಿಗಾಗಿ ಸಿದ್ಧಪಡಿಸಿದ ಕಡತ, ಬೀದಿಯವರಿಗಾಗಿ ಬರೆದದ್ದಲ್ಲ. ಇನ್ನು ನಗರಾಡಳಿತದ ಸಹಾಯವಾಣಿ 1533ಕ್ಕೆ ಕರೆ ಮಾಡಿದರೆ ದೂರು ದಾಖಲಾಗುತ್ತದೆ. ಆದರೆ ದೂರು ಕೊಡುವುದು ಕೆಟ್ಟ ಮೇಲಿನ ಮಾತು. ನಾನು ಕೇಳುತ್ತಿರುವುದು ಅಗೆಯುವ ಮುಂಚಿನ ಮಾಹಿತಿಯನ್ನು.

ಇದಕ್ಕೆ ಹೊಸ ಕಾನೂನೇನೂ ಬೇಡ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯೋಜನೆಗಳ ಹಾಗೂ ಉದ್ದೇಶಿತ ವೆಚ್ಚದ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಮಾಹಿತಿಯನ್ನು ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಪರಿಣಾಮಕಾರಿಯಾಗಿ ತಲುಪುವ ವಿಧಾನವನ್ನೂ ಗಮನದಲ್ಲಿಟ್ಟುಕೊಂಡು ಹಂಚಬೇಕೆನ್ನುತ್ತದೆ. ಅಂಥ ವಿಧಾನಗಳಲ್ಲಿ ಸೂಚನಾ ಫಲಕವನ್ನು ಹೆಸರಿಸಿಯೇ ಹೇಳುತ್ತದೆ. ಹಾಗಾಗಿ ಬೀದಿಯ ತುದಿಯ ಬೇಕರಿಯ ಗೋಡೆಗೆ ಅಂಟಿಸಿದ ಒಂದು ಹಾಳೆ ಈ ಕಾಯ್ದೆಯ ಆಶಯಕ್ಕೆ, ಯಾರೂ ತೆರೆಯದ ಪಿಡಿಎಫ್‌ಗಿಂತ ಹತ್ತಿರವಾಗಿದೆ ಎಂದು ನಾನು ವಾದಿಸುತ್ತೇನೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳಿ ಮೂವತ್ತು ವರ್ಷ ದಾಟಿದೆ. ಆ ಸಮಿತಿಯ ಸಭೆ ಯಾವಾಗ, ಎಲ್ಲಿ ಎಂಬ ಸೂಚನೆ ಕೂಡ ಸಭೆಗೆ ಹೋಗುವವರ ಮೊಬೈಲಿನಲ್ಲೇ ಸುತ್ತುತ್ತದೆ, ಹೋಗಬೇಕಾದವರಿಗೆ ತಲುಪುವುದಿಲ್ಲ.

ಮುಂಚಿತವಾಗಿ ದಿನಾಂಕ ಕೊಟ್ಟರೆ ಅದಕ್ಕೆ ಕಟ್ಟುಬೀಳಬೇಕಾಗುತ್ತದೆ, ಮಳೆ ಬಂದರೆ, ಪೈಪು ಸಿಕ್ಕರೆ ಕೆಲಸ ತಡವಾಗುತ್ತದೆ, ಜನ ಜಗಳಕ್ಕೆ ಬರುತ್ತಾರೆ ಎಂದು ಒಬ್ಬ ಇಂಜಿನಿಯರ್ ನನ್ನೊಡನೆ ವಾದಿಸಿದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ವಾದ ಒಪ್ಪಿಗೆಯಾಗುವುದಿಲ್ಲ. ವಿದ್ಯುತ್ತೂ ಹೇಳಿದಂತೆ ನಾಲ್ಕು ಗಂಟೆಗೇ ಬರುವುದಿಲ್ಲ. ಐದಾಗುತ್ತದೆ, ನಾವು ಗೊಣಗಿಕೊಂಡು ಕಾಯುತ್ತೇವೆ. ಜನ ಜಗಳಕ್ಕೆ ಬರುವುದು ಹೇಳಿದ ದಿನ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಏನನ್ನೂ ಹೇಳದೆ ಹೋದದ್ದಕ್ಕೆ.

ನಮ್ಮ ಬೀದಿಯ ವಿಷಯವಾಗಿ ನಾನು ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿದ್ದೇನೆ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. ಮೂರು ವಾರದ ಸಿಟ್ಟನ್ನು ಅಷ್ಟರಲ್ಲಿ ಹಿಡಿಸುವುದು ನನಗೆ ಸುಲಭವಾಗಲಿಲ್ಲ. ಕಾಮಗಾರಿಯ ಹೆಸರು, ಮಂಜೂರಾದ ಮೊತ್ತ, ಗುತ್ತಿಗೆದಾರರು ಯಾರು, ಮುಗಿಸಬೇಕಾದ ದಿನ ಯಾವುದು ಎಂದು ಕೇಳಿದ್ದೇನೆ. ಉತ್ತರ ಕೊಡಲು ಅವರಿಗೆ 30 ದಿನಗಳ ಕಾಲಾವಕಾಶವಿದೆ, ಅದರಲ್ಲಿ ಹನ್ನೊಂದು ದಿನ ಕಳೆದಿವೆ. ಉತ್ತರ ಬಂದರೆ ಅದನ್ನು ಇಲ್ಲಿಯೇ ಓದುತ್ತೇನೆ, ಒಂದು ಪ್ರತಿಯನ್ನು ಬೇಕರಿಯ ಗೋಡೆಗೂ ಅಂಟಿಸುತ್ತೇನೆ. ಅಂಗಡಿಯವರು ಈಗಾಗಲೇ ಒಪ್ಪಿದ್ದಾರೆ.